ಹಳೇಬೀಡಿನಲ್ಲಿ ಜೀಪು ಓಡಿಸುವ ಆಟ: ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’

ಬೇಲೂರಿಗೂ ಹಳೇಬೀಡಿಗೂ ನಡುವೆ ಇರುವುದು 16 ಕಿಲೋಮೀಟರ್ ದಾರಿ. ಬೇಲೂರಿನ ಬಸ್ ನಿಲ್ದಾಣದಲ್ಲಿ ಹತ್ತಿ ಕುಳಿತರೆ, ಜೋಳದ ಹೊಲ, ತೆಂಗಿನ ತೋಟ, ಒಂದೆರಡು ಕೆರೆಗಳನ್ನು ನೋಡಿ ಮುಗಿಸುವಷ್ಟರಲ್ಲಿ ಕಂಡಕ್ಟರು ಹಳೇಬೀಡು ಎಂದು ಕೂಗುತ್ತಾರೆ. ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ವಿಡಿಯೊ ಗೇಮಿನಲ್ಲಾದರೋ ಇದೇ ಎರಡು ಊರುಗಳು ಪಶ್ಚಿಮ ಘಟ್ಟದ ದಟ್ಟ ಕಾಡಿನೊಳಗೆ ಶತಮಾನಗಳಿಂದ ಯಾರ ಕಣ್ಣಿಗೂ ಬೀಳದೆ ಹುದುಗಿಹೋದ ನಗರಗಳು, ಅಲ್ಲಿಗೆ ತಲುಪಲು ನಕ್ಷೆ, ಹಗ್ಗ, ಬಂದೂಕು ಮತ್ತು ಒಂದು ಜೀಪು ಬೇಕು. ಹಾಸನ ಸೀಮೆಯವನಾದ ನಾನು ಇಂಥ ಆಟವನ್ನು ಆಡದೆ ಬಿಡುವುದು ಸಾಧ್ಯವೇ ಇರಲಿಲ್ಲ. ಆಡುತ್ತಾ ಹೋದಂತೆ ನಗು, ಸಿಟ್ಟು, ಮೆಚ್ಚುಗೆ ಮೂರೂ ಬಂದವು. ಎರಡನೆಯ ಬಾರಿ ಆಡಿ ಮುಗಿಸಿದ ಮೇಲೂ ಉಳಿದಿರುವುದು ಮೆಚ್ಚುಗೆಯಾದರೂ, ಸಿಟ್ಟಿನ ಕಾರಣವನ್ನು ಹೇಳದೆ ಅದನ್ನು ಹೇಳಲಾರೆ.

ಅಮೆರಿಕದ ಸಾಂತಾ ಮೋನಿಕಾದಲ್ಲಿರುವ ನಾಟಿ ಡಾಗ್ ಸಂಸ್ಥೆ ಈ ಆಟವನ್ನು 2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕಾಗಿ ಬಿಡುಗಡೆ ಮಾಡಿತು. ನಿರ್ದೇಶಕರು ಶಾನ್ ಎಸ್ಕೇಗ್ ಮತ್ತು ಕರ್ಟ್ ಮಾರ್ಗೆನೌ. ಹಿಂದಿನ ವರ್ಷ ಬಂದಿದ್ದ ‘ಅನ್‌ಚಾರ್ಟೆಡ್ 4’ಕ್ಕೆ ಸೇರಿಸುವ ಒಂದು ಚಿಕ್ಕ ತುಣುಕಾಗಿ ಶುರುವಾದ ಕೆಲಸ, ಬೆಳೆಯುತ್ತಾ ಹೋಗಿ ತನ್ನ ಕಾಲ ಮೇಲೆ ತಾನೇ ನಿಲ್ಲುವ ಆಟವಾಯಿತು, ಹಾಗಾಗಿಯೇ ಇದನ್ನು ಆಗಿನ ದೊಡ್ಡ ಆಟಗಳ 60 ಡಾಲರ್ ಬೆಲೆಗೆ ಮಾರದೆ 40 ಡಾಲರ್ ಸುಮಾರಿಗೆ ಮಾರಿದರು. ಈ ಹುಟ್ಟಿನ ಗುರುತು ಆಟದ ಮೈಮೇಲೆ ಇದೆ, ಅದೂ ಒಳ್ಳೆಯ ರೀತಿಯಲ್ಲಿ. ಎಂಟು ಹತ್ತು ಗಂಟೆಗಳಲ್ಲಿ ಮುಗಿಯುವ ಒಂಬತ್ತು ಅಧ್ಯಾಯಗಳಲ್ಲಿ ಸುಮ್ಮನೆ ಎಳೆದ ಭಾಗ ತೀರಾ ಕಡಿಮೆ. ನೂರು ಗಂಟೆ ಆಡಿದರೂ ಮುಗಿಯದ ಆಟಗಳ ನಡುವೆ, ನಾಲ್ಕು ಸಂಜೆಯಲ್ಲಿ ಕಥೆಯನ್ನು ಪೂರ್ತಿ ಹೇಳಿ ಮುಗಿಸುವ ಆಟ ಎಂಬ ಒಂದೇ ಕಾರಣಕ್ಕೆ ಇದು ಉದ್ಯೋಗಸ್ಥರ ಆಟ.

ಕಥಾನಾಯಕಿ ಕ್ಲೋಯಿ ಫ್ರೇಜರ್ ನಿಧಿಗಳ್ಳಿ. ಸರಣಿಯ 2009ರ ಎರಡನೆಯ ಆಟದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡವಳು. ಅಲ್ಲಿ ನಾಯಕನ ಪಕ್ಕದಲ್ಲಿದ್ದವಳು ಇಲ್ಲಿ ತಾನೇ ಮುಂದೆ ನಿಲ್ಲುತ್ತಾಳೆ. ಅವಳ ತಂದೆ ಭಾರತದವರು, ಹೊಯ್ಸಳರ ಹಿಂದೆ ಬದುಕನ್ನೇ ಸವೆಸಿದ ಸಂಶೋಧಕರು. ಅವರು ಹುಡುಕಿ ಸಿಗದೇ ಹೋದ ‘ಗಣೇಶನ ದಂತ’ವನ್ನು ಹುಡುಕುವುದು ಕ್ಲೋಯಿಯ ಕೆಲಸ. ಜೊತೆಗಿರುವವಳು ನಾಡೀನ್ ರಾಸ್, ದಕ್ಷಿಣ ಆಫ್ರಿಕಾದವಳು, ಬಾಡಿಗೆ ಸೈನ್ಯವೊಂದನ್ನು ನಡೆಸಿ ಕಳೆದುಕೊಂಡವಳು. ಎದುರಾಳಿಯಾದ ಆಸವ್ ಎಂಬ ಬಂಡುಕೋರ ಮುಖಂಡ ಕನ್ನಡಕ ಹಾಕಿಕೊಂಡು ಮೆಲುದನಿಯಲ್ಲಿ ಮಾತನಾಡುತ್ತಾನೆ, ಕೈಗೆ ಸಿಕ್ಕವರನ್ನು ಮಾತ್ರ ಹಿಸುಕಿಬಿಡುತ್ತಾನೆ. ಘಟ್ಟದ ಸೀಮೆಯಲ್ಲಿ ಅಂತರ್ಯುದ್ಧ ನಡೆಯುತ್ತಿದೆ ಎಂಬ ಕಲ್ಪನೆಯನ್ನು, ಕಾಫಿಯ ಬೆಲೆ ಮತ್ತು ಕಾಡಾನೆಯ ಕಾಟದ ಹೊರತು ಬೇರೆ ಸಮರ ಕಾಣದ ಸಕಲೇಶಪುರದವರು ಹೇಗೆ ಸ್ವೀಕರಿಸುತ್ತಾರೋ ತಿಳಿಯದು. ಕಥೆಗೆ ಬೇಕಾದ ಬಂದೂಕುಗಳು ಎಲ್ಲಿಂದಾದರೂ ಬರಬೇಕಲ್ಲ ಎಂದು ನಾನು ಒಪ್ಪಿಕೊಂಡೆ.

ಆಟ ನಿಜವಾಗಿ ಅರಳುವುದು ‘ದಿ ವೆಸ್ಟರ್ನ್ ಘಾಟ್ಸ್’ ಎಂಬ ನಾಲ್ಕನೆಯ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಒಂದೇ ದಾರಿಯಲ್ಲಿ ನಡೆಸಿಕೊಂಡು ಬಂದವರು ಇಲ್ಲಿ ಜೀಪಿನ ಕೀಲಿ ಕೊಟ್ಟು, ಒಂದು ವಿಶಾಲ ಕಣಿವೆಯನ್ನು ಮುಂದೆ ಹಾಸಿಬಿಡುತ್ತಾರೆ. ಹೊಳೆ, ಜಲಪಾತ, ಪಾಳುಬಿದ್ದ ಮಂಟಪ, ದೂರದಲ್ಲಿ ಕೋಟೆಯ ಗೋಪುರಗಳು. ಯಾವ ಕಡೆಗೆ ಮೊದಲು ಹೋಗಬೇಕೆಂಬುದು ನಿಮಗೆ ಬಿಟ್ಟದ್ದು. ಕೆಂಪು ಮಣ್ಣಿನ ಏರಿನಲ್ಲಿ ಕೆಸರಿಗೆ ಸಿಕ್ಕ ಚಕ್ರ ಜಾರುತ್ತದೆ, ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಿ ಕಲ್ಲಿನ ಮೇಲೆ ಹಿಡಿತ ಸಿಗುವ ಜಾಗವನ್ನು ಹುಡುಕಬೇಕಾಗುತ್ತದೆ. ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಯಲ್ಲಿ ಜೀಪು ಹತ್ತಿಸಿದವರ ಕೈಗೆ ಈ ಅನುಭವ ತಕ್ಷಣ ಗೊತ್ತಾಗುತ್ತದೆ; ಮಾಡಿದವರು ಮಣ್ಣನ್ನು ಸರಿಯಾಗಿ ನೋಡಿದ್ದಾರೆ. ಇಂಬಳ ಮಾತ್ರ ಒಂದೂ ಇಲ್ಲ. ಮೊಣಕಾಲುದ್ದದ ಹುಲ್ಲಿನಲ್ಲಿ ಗಂಟೆಗಟ್ಟಲೆ ಅಡಗಿ ಕುಳಿತ ಕ್ಲೋಯಿ ಒಮ್ಮೆಯೂ ಕಾಲು ನೋಡಿಕೊಳ್ಳುವುದಿಲ್ಲ ಎಂಬುದು ಮಲೆನಾಡಿನವರಿಗೆ ಇಡೀ ಆಟದಲ್ಲೇ ಅತ್ಯಂತ ನಂಬಲಾಗದ ಸಂಗತಿಯೆನಿಸಬಹುದು.

ಈ ಕಣಿವೆಯಲ್ಲಿ ಅಲ್ಲಲ್ಲಿ 11 ಹೊಯ್ಸಳ ನಾಣ್ಯಗಳಂಥ ಬಿಲ್ಲೆಗಳು ಅಡಗಿವೆ. ಅಷ್ಟನ್ನೂ ಸಂಗ್ರಹಿಸಿದರೆ ರಾಣಿಯೊಬ್ಬಳ ಕೆಂಪು ಹರಳಿನ ಕಡಗ ಸಿಗುತ್ತದೆ. ಅದನ್ನು ತೊಟ್ಟ ಮೇಲೆ ಹತ್ತಿರದಲ್ಲಿ ನಿಧಿ ಇದ್ದಾಗಲೆಲ್ಲ ಅದು ಸದ್ದು ಮಾಡಿ ಎಚ್ಚರಿಸುತ್ತದೆ. ಇದನ್ನು ಮಾಡಲೇಬೇಕೆಂಬ ಕಡ್ಡಾಯವಿಲ್ಲ, ಕಥೆಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಆಟದಲ್ಲಿ ನಾನು ಅತಿ ನಿಧಾನವಾಗಿ, ಅತಿ ಸಂತೋಷದಿಂದ ಕಳೆದ ಸಮಯ ಇದೇ. ಗೋಡೆಯ ಸಂದಿಯಲ್ಲಿ, ಬೇರಿನ ಮರೆಯಲ್ಲಿ, ಮುರಿದ ಕಂಬದ ಹಿಂದೆ ಬಗ್ಗಿ ನೋಡುವಂತೆ ಅದು ಮಾಡುತ್ತದೆ.

ಬಗ್ಗಿ ನೋಡುವುದು ಎಂದೆನಲ್ಲ, ನನ್ನ ಮುಖ್ಯ ತಕರಾರು ಇರುವುದು ಅಲ್ಲಿಯೇ. ಹೊಯ್ಸಳರ ಕೆಲಸ ಇರುವುದೇ ಬಗ್ಗಿ ನೋಡುವವರಿಗಾಗಿ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲವಾಗಲಿ, ಅದಾದ ಕೆಲವೇ ವರ್ಷಗಳಿಗೆ ಕಟ್ಟಲು ತೊಡಗಿದ ಹಳೇಬೀಡಿನ ಹೊಯ್ಸಳೇಶ್ವರವಾಗಲಿ ಎತ್ತರದಿಂದ ಬೆದರಿಸುವ ಕಟ್ಟಡಗಳಲ್ಲ. ನಕ್ಷತ್ರಾಕಾರದ ಜಗತಿಯ ಮೇಲೆ ಅಗಲವಾಗಿ, ತಗ್ಗಾಗಿ ಕೂತಿರುವ ಅವುಗಳನ್ನು ದೂರದಿಂದ ನೋಡಿದರೆ ಅರ್ಧವೂ ಕಾಣುವುದಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುವ ಕಲ್ಲಾದ್ದರಿಂದ, ಶಿಲ್ಪಿಗೆ ಬೆರಳುಗುರಿನಷ್ಟು ಸೂಕ್ಷ್ಮವನ್ನೂ ಕೊರೆಯಲು ಸಾಧ್ಯವಾಯಿತು. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದರಾಚೆ ರಾಮಾಯಣ ಮಹಾಭಾರತ, ಮಕರ, ಹಂಸ. ಒಂದು ಸುತ್ತು ಬರಲು ಅರ್ಧ ದಿನ ಸಾಲದು. ಆಟದಲ್ಲಿ ಇದೆಲ್ಲ ತಿರುಗುಮುರುಗಾಗಿ, ಬೆಟ್ಟದೆತ್ತರದ ಶಿವನ ವಿಗ್ರಹಗಳು, ಕಣಿವೆಯ ತುದಿಯಿಂದ ತುದಿಗೆ ಹಬ್ಬಿದ ಗೋಪುರಗಳು, ಕಾಲ ಬಳಿ ಕ್ಲೋಯಿ ಇರುವೆಯಂತೆ ಕಾಣುವ ಆನೆಮುಖಗಳು ಕಾಣುತ್ತವೆ. ನೋಡಲು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಕ್ಲೋಯಿ ತನ್ನ ಮೊಬೈಲಿನಲ್ಲಿ ಫೋಟೊ ತೆಗೆಯುವ ಜಾಗಗಳನ್ನೂ ಆಟ ಗುರುತಿಸಿಟ್ಟಿದೆ, ಅವೆಲ್ಲ ಹೆಚ್ಚಾಗಿ ಎತ್ತರದಲ್ಲಿ ನಿಂತು ದೂರವನ್ನು ನೋಡುವ ಜಾಗಗಳು. ಬೇಲೂರಿನಲ್ಲಿ ಅವಳು ಫೋಟೊ ತೆಗೆಯಬೇಕಾಗಿದ್ದರೆ ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಬೇಕಾಗುತ್ತಿತ್ತು.

ನಾನು ಆಡುವಾಗ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಇದು ಯಾವ ಊರೋ?” ಎಂದರು. ಹಳೇಬೀಡಮ್ಮ ಎಂದೆ. “ಹಳೇಬೀಡಲ್ಲಿ ಇಷ್ಟೆತ್ತರ ಏನಿದೆ ಕಣೋ? ನಂದಿ ಬಿಟ್ರೆ ದೊಡ್ಡದು ಅಂತ ಏನೂ ಇಲ್ಲ” ಎಂದು ಮತ್ತೆ ಅವರೆಕಾಯಿಯತ್ತ ತಿರುಗಿದರು. ಆಟದ ಕಲಾವಿಭಾಗದ ಬಗ್ಗೆ ನಾನು ಬರೆಯಬಹುದಾದ ಎಲ್ಲ ವಿಮರ್ಶೆಗಿಂತ ಅದು ನೇರವಾಗಿತ್ತು.

ಹೆಸರಿನ ವಿಷಯವೂ ಇದೆ. ಹೊಯ್ಸಳರು ತಮ್ಮ ರಾಜಧಾನಿಯನ್ನು ದೋರಸಮುದ್ರ ಎಂದು ಕರೆದರು, ಈಗಲೂ ಇರುವ ಅದರ ದೊಡ್ಡ ಕೆರೆಯ ನೆನಪಿನಲ್ಲಿ. 1311ರಲ್ಲಿ ಮಲಿಕ್ ಕಾಫೂರನ ದಾಳಿ, ಮುಂದೆ ಮತ್ತೂ ದಾಳಿಗಳು ನಡೆದು ಊರು ಹಾಳಾದ ಮೇಲೆ ಉಳಿದ ಹೆಸರು ಹಳೇಬೀಡು, ಅಂದರೆ ಹಳೆಯ ಬೀಡು. ವೈಭವದಲ್ಲಿದ್ದ ರಾಜನೊಬ್ಬ ತನ್ನ ರಾಜಧಾನಿಗೆ ತಾನೇ ಹಳೇಬೀಡು ಎಂದು ಹೆಸರಿಡುವುದಿಲ್ಲ ಎಂಬುದನ್ನು ಕನ್ನಡ ಬಲ್ಲ ಯಾರಾದರೂ ಹೇಳಬಹುದಿತ್ತು. ಘಟ್ಟದ ಕಾಡೇ ಬೇಕಿದ್ದರೆ ಹೊಯ್ಸಳರ ಮೂಲವೆಂದು ಹೇಳುವ ಮೂಡಿಗೆರೆ ಬಳಿಯ ಅಂಗಡಿ ಎಂಬ ಊರು ಇತ್ತು. ಹಿಂದಿನ ಸೊಸೆವೂರು ಅದೇ. ಕಾಫಿ ತೋಟಗಳ ನಡುವೆ ಅಲ್ಲಿ ನಿಜವಾಗಿಯೂ ಪಾಳು ದೇಗುಲಗಳಿವೆ. ಅಮೆರಿಕದ ಆಟಗಾರನಿಗೆ ಇದಾವುದೂ ಬೇಕಿಲ್ಲ ಎಂಬುದು ನಿಜ. ಆದರೆ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರುವ ಆರು ವರ್ಷ ಮೊದಲೇ, ಹೊರಗಿನ ಎಷ್ಟೋ ಆಟಗಾರರು ‘ಹೊಯ್ಸಳ’ ಎಂಬ ಪದವನ್ನು ಮೊದಲು ಕೇಳಿದ್ದು ಈ ಆಟದಿಂದಲೇ ಇರಬೇಕು ಎಂದುಕೊಂಡಾಗ, ಕೇಳಿದ್ದು ಸರಿಯಾಗಿರಬೇಕಿತ್ತು ಎನಿಸುತ್ತದೆ.

ಪುರಾಣದ ಮಟ್ಟಿಗೆ ಅವರು ಹೆಚ್ಚು ಎಚ್ಚರ ವಹಿಸಿದ್ದಾರೆ. ಶಿವನ ಬಾಗಿಲಲ್ಲಿ ಕಾವಲಿದ್ದ ಗಣೇಶ ಪರಶುರಾಮನನ್ನು ತಡೆದದ್ದು, ಪರಶುರಾಮ ಎಸೆದ ಕೊಡಲಿ ತಂದೆಯೇ ಕೊಟ್ಟದ್ದೆಂದು ಗುರುತಿಸಿ ಅದು ವ್ಯರ್ಥವಾಗಬಾರದೆಂದು ತನ್ನ ದಂತವನ್ನೇ ಒಡ್ಡಿದ್ದು. ಈ ಕಥೆಯನ್ನು ಕ್ಲೋಯಿ ನಾಡೀನಳಿಗೆ ಹೇಳುತ್ತಾಳೆ. ನಮ್ಮ ಮನೆಗಳಲ್ಲಿ ಚೌತಿಯ ದಿನ ಕೇಳುವ, ಚಂದ್ರ ನಕ್ಕದ್ದಕ್ಕೆ ದಂತ ಮುರಿದು ಎಸೆದ ಕಥೆಗಿಂತ ಇದು ಗಂಭೀರವಾದದ್ದು, ತಂದೆ ಬಿಟ್ಟುಹೋದ ಭಾರವನ್ನು ಹೊತ್ತ ಮಗಳ ಕಥೆಗೆ ಚೆನ್ನಾಗಿ ಹೊಂದುತ್ತದೆ. ಒಗಟುಗಳೂ ಈ ಕಥೆಯಿಂದಲೇ ಹುಟ್ಟಿವೆ. ಕೊಡಲಿ ಹಿಡಿದ ದೈತ್ಯ ವಿಗ್ರಹಗಳ ನಡುವೆ ಒಂದೊಂದೇ ಕಲ್ಲಿನ ಮೇಲೆ ಹಾರುವಾಗ, ನೀವು ಹಾರಿದಂತೆಲ್ಲ ಅವೂ ತಿರುಗಿ ಬೀಸುತ್ತವೆ. ಲೆಕ್ಕ ತಪ್ಪಿದರೆ ಮತ್ತೆ ಮೊದಲಿನಿಂದ. ಇನ್ನೊಂದರಲ್ಲಿ ಬಿಡಿಬಿಡಿಯಾದ ಶಿಲ್ಪಗಳನ್ನು ತಿರುಗಿಸಿ, ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಬೀಳುವ ನೆರಳುಗಳು ಕೂಡಿ ಒಂದು ದೃಶ್ಯವಾಗುವಂತೆ ಮಾಡಬೇಕು. ಸರಿಯಾದ ಕೋನ ಸಿಕ್ಕು ಅರ್ಥವಿಲ್ಲದ ಕಪ್ಪು ತುಂಡುಗಳು ಒಮ್ಮೆಲೇ ಆಕೃತಿಯಾಗಿ ನಿಂತಾಗ ನನಗೆ ತೊಗಲುಗೊಂಬೆಯಾಟದ ಪರದೆ ನೆನಪಾಯಿತು. ಬೃಹತ್ತನ್ನು ಬಿಟ್ಟು ಆಟ ಸೂಕ್ಷ್ಮಕ್ಕೆ ಇಳಿದಾಗಲೆಲ್ಲ ಹೀಗೆಯೇ ಗೆಲ್ಲುತ್ತದೆ.

ಬಂದೂಕಿನ ಕಾಳಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ; ಸರಣಿಯ ಹಿಂದಿನ ಆಟಗಳಲ್ಲಿ ಇದ್ದಂತೆಯೇ ಇವೆ, ಚುರುಕಾಗಿವೆ, ಕೊನೆಯ ಹೊತ್ತಿಗೆ ಸ್ವಲ್ಪ ಹೆಚ್ಚಾಗುತ್ತವೆ. ಹುಲ್ಲಿನಲ್ಲಿ ಅಡಗಿ ಒಬ್ಬೊಬ್ಬರನ್ನೇ ಕೆಡಹುವ ದಾರಿಯೂ ಉಂಟು, ನನಗೆ ಅದೇ ಹಿತವೆನಿಸಿತು. ಕೊನೆಯ ರೈಲಿನ ಸಾಹಸವಂತೂ ಎರಡನೆಯ ಆಟದ ಪ್ರಸಿದ್ಧ ರೈಲಿಗೆ ಬಹಿರಂಗವಾಗಿಯೇ ನಮಸ್ಕರಿಸುತ್ತದೆ.

ನಿಜವಾಗಿ ನೆನಪಿನಲ್ಲಿ ಉಳಿಯುವುದು ಜೀಪಿನೊಳಗಿನ ಮಾತು. ಕ್ಲೋಯಿಗೆ ದನಿ ಕೊಟ್ಟ ಕ್ಲೌಡಿಯಾ ಬ್ಲ್ಯಾಕ್, ನಾಡೀನಳಿಗೆ ದನಿಯಾದ ಲಾರಾ ಬೇಲಿ ಇಬ್ಬರೂ ಒಬ್ಬರನ್ನೊಬ್ಬರು ನಂಬದವರ ಮಾತನ್ನು ಹದವಾಗಿ ಆಡಿದ್ದಾರೆ. ಮೊದಲು ಕೆಲಸಕ್ಕೆ ಬೇಕಾದಷ್ಟೇ ಮಾತು. ಆಮೇಲೆ ಒಂದು ಚುಚ್ಚು, ಒಂದು ನಗು. ಒಂದು ಸುಳ್ಳು ಹೊರಬಿದ್ದಾಗ ಬಹಳ ಹೊತ್ತಿನ ಮೌನ. ನೀವು ನಡುವೆ ಜೀಪಿನಿಂದ ಇಳಿದು ಮಂಟಪವೊಂದನ್ನು ನೋಡಿ ಬಂದರೆ, ಹತ್ತಿ ಕುಳಿತ ಮೇಲೆ ನಿಂತ ಮಾತು ಮುಂದುವರಿಯುತ್ತದೆ. ಎರಡು ಹೆಣ್ಣುಗಳು ಸಾಹಸಕಥೆಯೊಂದನ್ನು ಪೂರ್ತಿ ಹೊತ್ತು ನಡೆಸುವುದು ದೊಡ್ಡ ಬಂಡವಾಳದ ಆಟಗಳಲ್ಲಿ ಆಗ ಅಪರೂಪವಾಗಿತ್ತು, ಆಟ ಅದನ್ನು ಡಂಗುರ ಹೊಡೆದು ಹೇಳಿಕೊಳ್ಳುವುದಿಲ್ಲ. ಅವಶೇಷದಡಿ ಸಿಕ್ಕಿಬಿದ್ದ ಆನೆಯೊಂದನ್ನು ಬಿಡಿಸಿ, ಅದರ ಬೆನ್ನೇರಿ ಇಬ್ಬರೂ ಸುಮ್ಮನೆ ಸಾಗುವ ಕೆಲವು ನಿಮಿಷಗಳಿವೆ. ಶತ್ರುವಿಲ್ಲ, ಒಗಟಿಲ್ಲ, ಸಮಯದ ಗಡಿಯಿಲ್ಲ. ಅಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟದ್ದು ಆಗ ಒಂದೇ ಸಲ.

ಕೊಳ್ಳುವವರಿಗೆ ಕೆಲವು ಮಾತು. ಪ್ಲೇಸ್ಟೇಷನ್ 4 ಇದ್ದವರಿಗೆ ಮೂಲ ಡಿಸ್ಕ್ ಸಾಕು. 2022ರಲ್ಲಿ ಪ್ಲೇಸ್ಟೇಷನ್ 5ಕ್ಕೂ, ಅದೇ ವರ್ಷದ ಕೊನೆಯಲ್ಲಿ ಕಂಪ್ಯೂಟರಿಗೂ ಬಂದ ‘ಲೆಗಸಿ ಆಫ್ ಥೀವ್ಸ್’ ಸಂಪುಟದಲ್ಲಿ ಇದರೊಂದಿಗೆ ‘ಅನ್‌ಚಾರ್ಟೆಡ್ 4’ ಕೂಡ ಸೇರಿದೆ. ಎರಡನ್ನೂ ಆಡದವರು ಇದನ್ನೇ ಕೊಳ್ಳುವುದು ಒಳ್ಳೆಯದು. ನಾಲ್ಕನೆಯದನ್ನು ಮೊದಲು ಆಡಿದರೆ ನಾಡೀನ್ ಯಾರೆಂದು ತಿಳಿದಿರುತ್ತದೆ, ಆಡದಿದ್ದರೂ ಕಥೆ ಅರ್ಥವಾಗದೆ ಹೋಗುವುದಿಲ್ಲ. ಕನ್ನಡದ ಸಬ್‌ಟೈಟಲ್ ಇಲ್ಲ. ಕೊಲೆ, ರಕ್ತ, ಬೈಗುಳಗಳಿರುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡುವ ಆಟವಲ್ಲ. ಕಂಟ್ರೋಲರ್ ಹಿಡಿದು ಅಭ್ಯಾಸವಿಲ್ಲದವರು ನಾಚಿಕೆಪಡದೆ ಅತಿ ಸುಲಭದ ಹಂತವನ್ನು ಆರಿಸಿಕೊಳ್ಳಲಿ, ಗುರಿಯಿಡುವುದಕ್ಕೆ ನೆರವಾಗುವ ಆಯ್ಕೆಯನ್ನೂ ಹಾಕಿಕೊಳ್ಳಲಿ. ನಾಲ್ಕನೆಯ ಅಧ್ಯಾಯಕ್ಕೆ ಒಂದು ಭಾನುವಾರವನ್ನು ಪೂರ್ತಿ ಇಟ್ಟುಕೊಳ್ಳಿ, ಕಡಗ ಸಿಗುವವರೆಗೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ. ಆಟ ಮುಗಿದ ಮೇಲಿನ ಭಾನುವಾರಕ್ಕೆ ಬೇಲೂರಿನ ಬಸ್ಸಿದೆ.