ಕನ್ನಡದ ಬಿಎನ್‌ಎಸ್ ಕೈಪಿಡಿ: ಕೋಷ್ಟಕದಲ್ಲಿ ಖಾಲಿ ಬಿಟ್ಟ ಮನೆಗಳು

ತುಮಕೂರಿನ ಕೋರ್ಟ್ ಸುತ್ತಮುತ್ತಲ ಕಾನೂನು ಪುಸ್ತಕದ ಅಂಗಡಿಯಲ್ಲಿ ಸಿಗುವ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕನ್ನಡ–ಇಂಗ್ಲಿಷ್ ಕೈಪಿಡಿಯೊಂದರ ವಿಮರ್ಶೆ ಇದು. ಪ್ರಕಾಶಕರ ಹೆಸರನ್ನು ಬೇಕೆಂದೇ ಬಿಟ್ಟಿದೆ. ಮುಖಬೆಲೆ 350 ರೂಪಾಯಿ, ಕೇಳಿದರೆ 300ಕ್ಕೆ ಕೊಡುತ್ತಾರೆ. ಎಡಪುಟ ಇಂಗ್ಲಿಷ್, ಬಲಪುಟ ಕನ್ನಡ. ಕಾಗದ ತೆಳು, ಹೈಲೈಟರ್ ಎಳೆದರೆ ಹಿಂಬದಿಯ ಪುಟಕ್ಕೂ ಹಳದಿ ಇಳಿಯುತ್ತದೆ. ಬೈಂಡಿಂಗ್‌ಗೆ ಗೋಂದು ಮಾತ್ರ, ಹೊಲಿಗೆಯಿಲ್ಲ. ಠಾಣೆಯ ರೈಟರ್ ಮೇಜಿನ ಮೇಲೆ ದಿನಕ್ಕೆ ಹತ್ತು ಸಲ ತೆರೆದರೆ ಆರು ತಿಂಗಳಲ್ಲಿ ಹಾಳೆ ಕಳಚುತ್ತದೆ. ವಕೀಲರ ಗುಮಾಸ್ತರಿಗೆ, ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರಿಗೆ, ಎಲ್‌ಎಲ್‌ಬಿ ಹುಡುಗರಿಗೆ ಅಷ್ಟು ಬಾಳಿಕೆ ಸಾಕು.

ಕೊಳ್ಳುವವರು ಕೊಳ್ಳುವುದು ಕೊನೆಯ ಕೋಷ್ಟಕಕ್ಕಾಗಿ. 1860ರ ದಂಡ ಸಂಹಿತೆಯ 511 ಕಲಂಗಳು ಎಡಗಡೆ, ಹೊಸ ಸಂಹಿತೆಯ 358 ಬಲಗಡೆ. ಕೊಲೆಯ 302 ಈಗ 103. ವಂಚನೆಯ 420 ಎಲ್ಲಿ ಹೋಯಿತೆಂದರೆ 318(4). ಗಂಡ, ಅವನ ಕಡೆಯವರ ಕ್ರೌರ್ಯದ 498ಎ ಎರಡಾಗಿ 85, 86. ಈ ಕೆಲಸವನ್ನು ಪುಸ್ತಕ ಚೆನ್ನಾಗಿ ಮಾಡಿದೆ, ಒಂದು ಸಾಲಿನ ಎಡವಟ್ಟು ಬಿಟ್ಟರೆ. ಅದು ಕೆಳಗೆ ಬರುತ್ತದೆ. ಆದರೆ ಕೋಷ್ಟಕದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಇರಬೇಕಾಗಿದ್ದ ಮಾತೊಂದು ಎಲ್ಲೂ ಇಲ್ಲ: ಮೊದಲು ಕೃತ್ಯ ನಡೆದ ತಾರೀಕು ನೋಡಿ. 2024ರ ಜುಲೈ 1ಕ್ಕೆ ಮುಂಚೆ ನಡೆದದ್ದಕ್ಕೆ, ದೂರು ಇವತ್ತು ಬಂದರೂ, ಹಳೆಯ ದಂಡ ಸಂಹಿತೆಯೇ. ಹಳೆಯ ಕೃತ್ಯಗಳಿಗೆ ಹಳೆಯ ಕಾನೂನನ್ನು ಉಳಿಸುವ ಆ ಮಾತು ಕಟ್ಟಕಡೆಯ 358ನೇ ಕಲಂನಲ್ಲಿದೆ. ಅಲ್ಲಿಯವರೆಗೆ ಓದುವವರು ಯಾರು?

ನಿಜವಾದ ತಕರಾರು ಬಲಗಡೆಯ ಖಾಲಿ ಮನೆಗಳ ಬಗ್ಗೆ. ಪ್ರಕೃತಿವಿರುದ್ಧ ಲೈಂಗಿಕ ಕ್ರಿಯೆಯ 377, ಹಾದರದ 497ರ ಎದುರು ಒಂದೇ ಪದ: ‘ಕೈಬಿಡಲಾಗಿದೆ’. ಯಾರು ಕೈಬಿಟ್ಟರು, ಕೋರ್ಟೋ ಸಂಸತ್ತೋ? ಇಡೀ ಕಲಂ ಹೋಯಿತೋ, ಒಂದು ತುಂಡು ಮಾತ್ರವೋ? ಅಪರಾಧದ ಪಟ್ಟಿಯಿಂದ ಹೋದದ್ದು ಬೇರೆ ಯಾವ ಕಾಯ್ದೆಯಲ್ಲಿ ಕೂತಿದೆ? ಕಾನೂನು, ನೀತಿ, ಧರ್ಮ ಮೂರೂ ಅರವತ್ತು ಎಪ್ಪತ್ತು ವರ್ಷ ಜಗಳವಾಡಿದ ಜಾಗಕ್ಕೆ ಒಂದು ಪದದ ಮೇಲೆ ಖರ್ಚು ಮಾಡಿಲ್ಲ.

497 ತೆಗೆದುಕೊಳ್ಳಿ. ಅದನ್ನು ರದ್ದುಮಾಡಿದ್ದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 2018ರ ಸೆಪ್ಟೆಂಬರ್ 27ರಂದು, ಜೋಸೆಫ್ ಶೈನ್ ಪ್ರಕರಣದಲ್ಲಿ. ಅದಕ್ಕೂ ಮುಂಚೆ 1954, 1985, 1988ರಲ್ಲಿ ಇದೇ ಕೋರ್ಟ್ ಅದನ್ನು ಉಳಿಸಿತ್ತು. 1985ರಲ್ಲಿ ಉಳಿಸಿದವರು ವೈ.ವಿ. ಚಂದ್ರಚೂಡ್, 2018ರಲ್ಲಿ ಕೆಡವಿದ ಪೀಠದಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್. ಧರ್ಮಶಾಸ್ತ್ರದಿಂದ ನೇರ ಇಳಿದು ಬಂದ ಕಲಂ ಅದು ಎಂದುಕೊಂಡವರೂ ಇದ್ದಾರೆ. ಮೆಕಾಲೆಯ 1837ರ ಕರಡಿನಲ್ಲಿ ಅದು ಇರಲೇ ಇಲ್ಲ, ಆಮೇಲೆ ಸೇರಿಸಿದ್ದು. ಐದು ವರ್ಷದವರೆಗಿನ ಶಿಕ್ಷೆ ಪರಗಂಡಸಿಗೆ ಮಾತ್ರ. ಹೆಂಗಸನ್ನು ಕುಮ್ಮಕ್ಕು ಕೊಟ್ಟವಳೆಂದೂ ಹಿಡಿಯುವಂತಿರಲಿಲ್ಲ. ಅವಳ ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. ನಮ್ಮ ಕಡೆ ‘ಹಾದರ’ ಅಂದ ತಕ್ಷಣ ಬೆರಳು ಹೋಗುವುದು ಹೆಂಗಸಿನ ಕಡೆಗೆ, ಕಾನೂನಿನ ಬೆರಳು ಗಂಡಸಿನ ಕಡೆಗಿತ್ತು. ಊರು, ಕಾನೂನು ಎರಡಕ್ಕೂ ಒಂದು ವಿಷಯದಲ್ಲಿ ಮಾತ್ರ ಒಮ್ಮತ: ಹೆಂಗಸು ಗಂಡನ ಸೊತ್ತು. ಕೋರ್ಟು ಹೊಡೆದುಹಾಕಿದ್ದು ಅದನ್ನು.

ಇಷ್ಟಾದರೂ ಗಂಡನೊಬ್ಬ ಠಾಣೆಗೆ ಬಂದು ಕೂತಾಗ ರೈಟರ್ ಕೈ ಹೋಗುವುದು 84ನೇ ಕಲಂಗೆ. ಇದು ಹಳೆಯ 498: ಪರರ ಹೆಂಡತಿ ಎಂದು ಗೊತ್ತಿದ್ದೂ ಆಕೆಯನ್ನು ಪುಸಲಾಯಿಸಿ ಕರೆದೊಯ್ಯುವುದು, ಬಚ್ಚಿಡುವುದು. ಎರಡು ವರ್ಷದವರೆಗೆ ಸಜೆ, ದಂಡ, ಇಲ್ಲವೇ ಎರಡೂ. 497 ಬಿದ್ದರೂ ಇದು ನಿಂತಿದೆ, ಹೊಸ ಸಂಹಿತೆಗೂ ದಾಟಿದೆ. ಅಸಂಜ್ಞೇಯ, ಜಾಮೀನು ಸಿಗುವಂಥದ್ದು, ಆದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಇಲ್ಲಿ ಅನುವಾದ ನೋಡಿ. ಕನ್ನಡ ಪುಟದಲ್ಲಿ ಇರುವುದು ‘ಅಕ್ರಮ ಸಂಭೋಗ’. ಅಕ್ರಮ ಅಂದರೆ ಕಾನೂನಿಗೆ ವಿರುದ್ಧವಾದದ್ದು; ವಯಸ್ಕರಿಬ್ಬರ ಒಪ್ಪಿತ ಸಂಬಂಧ ಈಗ ಅಕ್ರಮವಲ್ಲ. ‘ಅನೈತಿಕ’ ಎಂದಿದ್ದರೆ ಕಾನೂನಿನ ಪುಸ್ತಕವೇ ನೀತಿಯ ತೀರ್ಪು ಕೊಟ್ಟಂತಾಗುತ್ತಿತ್ತು. ‘ವಿವಾಹಬಾಹಿರ’ ಎಂಬ ಸರಳ ಪದ ಕೈಯಲ್ಲೇ ಇತ್ತು. ಪತ್ರಿಕೆಗಳು ‘ಅಕ್ರಮ ಸಂಬಂಧ’ ಎಂದು ತಲೆಬರಹ ಕೊಟ್ಟರೆ ರೂಢಿ ಅನ್ನೋಣ, ಕಾನೂನಿನ ಪುಸ್ತಕ ಅದೇ ಪದ ಎತ್ತಿಕೊಂಡರೆ ಕೋರ್ಟು ಹೊರಗೆ ಹಾಕಿದ್ದನ್ನು ಅನುವಾದಕರು ಹಿಂಬಾಗಿಲಿಂದ ಕರೆತಂದಂತೆ.

497ರ ಖಾಲಿ ಮನೆಯಲ್ಲಿ ಪೆನ್ಸಿಲಿನಿಂದ ಇಷ್ಟನ್ನಾದರೂ ಬರೆದುಕೊಳ್ಳಿ: ಹಿಂದೂ ವಿವಾಹ ಕಾಯ್ದೆಯ 13(1)(i)ರಲ್ಲಿ ಹಾದರ ಇನ್ನೂ ವಿಚ್ಛೇದನಕ್ಕೆ ಕಾರಣ, ಹೊಸ ಅಪರಾಧ ಪ್ರಕ್ರಿಯೆಯ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 144(4)ರಲ್ಲಿ ಹೆಂಡತಿಯ ಜೀವನಾಂಶಕ್ಕೆ ಅಡ್ಡಿ, ಸೇನೆಯವರಿಗೆ ಅವರದೇ ಕಾಯ್ದೆಯಡಿ ಶಿಸ್ತುಕ್ರಮ ತಪ್ಪದು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟಪಡಿಸಿದೆ. ‘ಈಗ ಅದು ತಪ್ಪೇ ಅಲ್ವಂತೆ’ ಎಂದು ಕೇಳಿಕೊಂಡು ಬರುವವರಿಗೆ ಅರ್ಧ ಉತ್ತರ ಸಿಗುವುದು ಈ ಮೂರು ಸಾಲಿಲ್ಲದೆ.

377ರ ಖಾಲಿ ಮನೆ ಇನ್ನೂ ಅಪಾಯದ್ದು. ದೆಹಲಿ ಹೈಕೋರ್ಟ್ 2009ರಲ್ಲಿ ವಯಸ್ಕರ ಒಪ್ಪಿತ ಸಂಬಂಧವನ್ನು ಅದರಿಂದ ಬಿಡಿಸಿತು. ಅದರ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರಲ್ಲಿ ಜ್ಯೋತಿಷಿ ಸುರೇಶ್ ಕುಮಾರ್ ಕೌಶಲ್, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಕ್ರೈಸ್ತ ಸಂಘಟನೆಗಳು ಒಂದೇ ಸಾಲಿನಲ್ಲಿದ್ದರು. ಬೇರೆ ಯಾವ ವಿಷಯಕ್ಕೆ ಇವರೆಲ್ಲ ಒಟ್ಟಿಗೆ ಬಂದಿದ್ದರೋ! 2013ರಲ್ಲಿ ಅವರು ಗೆದ್ದರು, 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ತೀರ್ಪು ಅದನ್ನು ಮಗುಚಿತು. ಸಮಾಜದ ನೈತಿಕತೆ ಒಂದು ಕಡೆ, ಸಾಂವಿಧಾನಿಕ ನೈತಿಕತೆ ಇನ್ನೊಂದು ಕಡೆ ಇದ್ದಾಗ ಎರಡನೆಯದೇ ಮೇಲು ಎಂಬುದು ಆ ತೀರ್ಪಿನ ಬುಡ. ಆದರೆ ಕೋರ್ಟು ಕತ್ತರಿಸಿದ್ದು ಒಪ್ಪಿಗೆಯ ತುಂಡನ್ನು ಮಾತ್ರ. ಬಲವಂತ, ಮಕ್ಕಳು, ಪ್ರಾಣಿ ಇವೆಲ್ಲ 377ರಲ್ಲೇ ಉಳಿದಿದ್ದವು. ಉಳಿದ ಭಾಗವನ್ನೂ ಬಿಟ್ಟದ್ದು ಸಂಸತ್ತು. ಸಂಸದೀಯ ಸ್ಥಾಯಿ ಸಮಿತಿ ಅದನ್ನು ಉಳಿಸಿಕೊಳ್ಳಿ ಎಂದು 2023ರಲ್ಲಿ ಹೇಳಿದ್ದರೂ. ಹೀಗಾಗಿ ವಯಸ್ಕ ಗಂಡಸಿನ ಮೇಲೆ ಬಲವಂತ ನಡೆದರೆ ಹೊಸ ಸಂಹಿತೆಯಲ್ಲಿ ನೇರ ಕಲಂ ಇಲ್ಲ. 115ರ ಗಾಯ, 127ರ ಅಕ್ರಮ ಬಂಧನ ಹೀಗೆ ತೇಪೆ ಹಾಕಬೇಕು. ತೃತೀಯಲಿಂಗಿಗಳಿಗೆ 2019ರ ಕಾಯ್ದೆಯ 18ನೇ ಕಲಂ ಇದೆ, ಗರಿಷ್ಠ ಶಿಕ್ಷೆ ಎರಡೇ ವರ್ಷ. ಮಕ್ಕಳಾದರೆ ಪೋಕ್ಸೊ, ಗಂಡು ಹೆಣ್ಣು ಭೇದವಿಲ್ಲ. ಪುಸ್ತಕದಲ್ಲಿ ಇದರ ಒಂದಕ್ಷರವೂ ಇಲ್ಲ. ಓದಿದವರಿಗೆ ‘377 ಹೋಯ್ತು, ಅಷ್ಟೇ’ ಅನಿಸುತ್ತದೆ.

ಇನ್ನು ಆ ಎಡವಟ್ಟು. 309ರ ಎದುರು ‘226’ ಎಂದು ಮುದ್ರಿಸಿದ್ದಾರೆ. ತಪ್ಪು. 309 ಆತ್ಮಹತ್ಯೆಯ ಯತ್ನವನ್ನೇ ಶಿಕ್ಷಿಸುತ್ತಿತ್ತು, ಒಂದು ವರ್ಷದವರೆಗೆ. 226 ಅನ್ವಯಿಸುವುದು ಸರ್ಕಾರಿ ನೌಕರನ ಕೈಕಟ್ಟಲು ಅಥವಾ ಅವನಿಂದ ಕೆಲಸ ಮಾಡಿಸಲು ಹಾಗೆ ಮಾಡಿದಾಗ ಮಾತ್ರ. ತೆರವಿಗೆ ಬಂದ ತಹಶೀಲ್ದಾರರ ಎದುರು ನಡೆಯುವಂಥದ್ದು. ಸಾಲಕ್ಕೋ ಸಂಸಾರಕ್ಕೋ ಬೇಸತ್ತು ಆಸ್ಪತ್ರೆ ಸೇರಿದವರ ಮೇಲೆ ಈ ಕೋಷ್ಟಕ ನೋಡಿ ಯಾರಾದರೂ 226 ಹಾಕಿದರೆ ಅನ್ಯಾಯವಾಗುತ್ತದೆ. ಅಲ್ಲಿ ಬರೆಯಬೇಕಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115: ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಚಿಕಿತ್ಸೆ, ಪುನರ್ವಸತಿ ಸರ್ಕಾರದ ಹೊಣೆ. ಪಕ್ಕದಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮನಸ್ ಸಂಖ್ಯೆ 14416 ಹಾಕಿದ್ದರೆ ಮೂರು ಸೆಂಟಿಮೀಟರ್ ಜಾಗ ಸಾಕಿತ್ತು. ತುಮಕೂರಿನ ಹತ್ತಿರದ ಜೈನ ಕ್ಷೇತ್ರ ಮಂದಾರಗಿರಿ ಬಸದಿ ಬೆಟ್ಟ ಹತ್ತಿ ಬಂದವರಿಗೆ ಇನ್ನೊಂದು ಸಂಗತಿಯೂ ನೆನಪಾಗಬಹುದು. ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನ ವ್ರತವೂ ಆತ್ಮಹತ್ಯೆಯೇ, 309 ಅನ್ವಯಿಸುತ್ತದೆ ಎಂದು ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಹೇಳಿತ್ತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 309 ಹೋದರೂ ಆತ್ಮಹತ್ಯೆಗೆ ಕುಮ್ಮಕ್ಕು ಕೊಡುವುದರ 108 ಇದ್ದೇ ಇದೆ, ಆದ್ದರಿಂದ ಆ ಚರ್ಚೆ ಖಾಲಿ ಮನೆಯೊಂದಿಗೆ ಮುಗಿಯುವುದಿಲ್ಲ.

ಗರ್ಭಪಾತದ ಸಾಲು ಖಾಲಿಯಿಲ್ಲ: 312 ಈಗ 88. ಅದು ಇಂದಿಗೂ ಅಪರಾಧವೇ, 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಕೊಟ್ಟ ವಿನಾಯಿತಿಯೊಳಗೆ ನಡೆದರೆ ಅಲ್ಲ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, 24ರವರೆಗೆ ನಿಯಮ ಹೇಳಿದ ವರ್ಗದವರಿಗೆ ಇಬ್ಬರದು. ವಯಸ್ಕ ಹೆಣ್ಣಿನ ಸಹಿ ಸಾಕು, ಗಂಡನದ್ದು ಬೇಡ. ಮದುವೆಯಾಗದವರೂ ಆ ವರ್ಗದಲ್ಲಿ ಸೇರುತ್ತಾರೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದಕ್ಕೆ ಒಂದು ಅಡಿಟಿಪ್ಪಣಿಯಾದರೂ ಬೇಕಿತ್ತು. ಬಲದಿಂದ ಎಡಕ್ಕೆ ಓದಿದರೆ ಸಿಗುವ ಹೊಸ ಕಲಂ 69, ಮದುವೆಯಾಗುವ ಉದ್ದೇಶವಿಲ್ಲದೆ ಮಾತುಕೊಟ್ಟು ಸಂಬಂಧ ಬೆಳೆಸಿದ ಗಂಡಸಿಗೆ ಹತ್ತು ವರ್ಷದವರೆಗೆ. ಅದರ ಕನ್ನಡ ಮಾತ್ರ ಸೊಗಸಾಗಿದೆ, ತಡವರಿಸದೆ ಓದಿಸುತ್ತದೆ.

ವಿಶೇಷ ಕಾಯ್ದೆಗಳ ಅನುಬಂಧದಲ್ಲಿ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ ಇಲ್ಲ. ತುಮಕೂರಿನಲ್ಲಿ ಮಾರುವ ಪುಸ್ತಕಕ್ಕೆ ಇದು ದೊಡ್ಡ ಕೊರತೆ. ಸೂತಕದ ಹೆಸರಿನಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯಾಚೆಯ ಗುಡಿಸಲಿನಲ್ಲಿ ಇಡುವ ಸಮಸ್ಯೆ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಇದೆ. ಅಲ್ಲಿ ಕಾನೂನು ನಿಷಿದ್ಧವನ್ನು ಅಪರಾಧದ ಪಟ್ಟಿಯಿಂದ ತೆಗೆಯುತ್ತಿಲ್ಲ, ನಿಷಿದ್ಧ ಹೇರುವುದನ್ನೇ ಅಪರಾಧ ಮಾಡುತ್ತಿದೆ. ಹಟ್ಟಿಯ ಯಜಮಾನರ ಹತ್ತಿರ ಮಾತಾಡಲು ಹೋಗುವ ಸ್ವಯಂಸೇವಕರ ಚೀಲದಲ್ಲಿ ಇರಬೇಕಾದದ್ದು ಈ ಕಾಯ್ದೆಯೇ. ಇಂಡಿಯಾ ಕೋಡ್ ಜಾಲತಾಣದಲ್ಲಿ ಹುಡುಕಿ ಜೆರಾಕ್ಸ್ ಮಾಡಿಸಿ ಪುಸ್ತಕದೊಳಗೆ ಇಟ್ಟುಕೊಳ್ಳುವುದೇ ಸದ್ಯದ ದಾರಿ.

ಬರೀ ಕೋಷ್ಟಕ ಸಾಕೆನ್ನುವವರಿಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ತಂದ ‘ಸಂಕಲನ’ ಆ್ಯಪ್ ಬಿಟ್ಟಿ ಸಿಗುತ್ತದೆ. ಕನ್ನಡ ಪಠ್ಯ ಬೇಕೇಬೇಕು ಎನ್ನುವವರು ಇದನ್ನು ಕೊಳ್ಳಬಹುದು, ಆದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ 309ರ ಸಾಲು ತೆಗೆದು ನೋಡಿ. ಅಲ್ಲಿ 226 ಇದ್ದರೆ ಹಳೆಯ ಮುದ್ರಣ. ತಿದ್ದಿದ್ದು ಬಂದಿದೆಯೇ ಕೇಳಿ, ಇಲ್ಲವೆಂದರೆ 250ಕ್ಕಿಂತ ಹೆಚ್ಚು ಕೊಡಬೇಡಿ. ಕಲಂ ಗೊತ್ತಿದ್ದೂ ಮುಂದೆ ಏನು ಮಾಡಬೇಕೆಂದು ತಿಳಿಯದಿದ್ದರೆ ಉಚಿತ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಿ. ಈ ಸಂಖ್ಯೆಯನ್ನು ಪುಸ್ತಕದಲ್ಲಿ ಹಾಕಿದ್ದಾರೆ, ಹಿಂರಟ್ಟಿನ ಒಳಗಡೆ, ಬೆಲೆಯ ಚೀಟಿಯ ಕೆಳಗೆ.