ಕ್ಯಾಲಿಫೋರ್ನಿಯಾ ಸ್ಮಾಲ್ ಕ್ಲೇಮ್ಸ್ ಕೋರ್ಟು: ನನ್ನ ಕಡೆಯಿಂದ 5ಕ್ಕೆ ಮೂರೂವರೆ ಸ್ಟಾರ್

ಕೋರ್ಟಿಗೂ ರಿವ್ಯೂ ಬರೀತಾರಾ ಅಂತ ನಗಬೇಡಿ, ಈಗ ನಮ್ಮ ಶಿರಸಿ ಸಿದ್ದಾಪುರ ಯಲ್ಲಾಪುರ ಕಡೆ ಯಾವ ಊರಿಗೆ ಹೋದ್ರೂ ಒಬ್ಬರಲ್ಲ ಒಬ್ಬರ ಮನೆ ಹುಡುಗ್ರು ಅಮೇರಿಕಾದಲ್ಲಿ ಇರ್ತಾರೆ, ಅವರಿಗೆ ಉಪಯೋಗಕ್ಕೆ ಬರ್ಲಿ ಅಂತ ಬರೀತಿದೀನಿ. ಸ್ಮಾಲ್ ಕ್ಲೇಮ್ಸ್ ಅಂದ್ರೆ ಸಣ್ಣ ಮೊತ್ತದ ಹಣದ ತಕರಾರಿಗೆ ಅಂತಲೇ ಇರೋ ಕೋರ್ಟು.

ನಾನು ಅಲ್ಲಿ ಬಾಡಿಗೆ ಮನೆ ಬಿಟ್ಟಾಗ ಓನರು 2,400 ಡಾಲರ್ ಡೆಪಾಸಿಟ್ ಪೂರ್ತಿ ನುಂಗಿದ್ದ. ಪೇಂಟಂತೆ, ಕಾರ್ಪೆಟ್ಟಂತೆ. ಅಲ್ಲಿನ ಕಾನೂನಲ್ಲಿ ಮನೆ ಖಾಲಿ ಮಾಡಿದ 21 ದಿನದೊಳಗೆ ಹಣ ಕೊಡಬೇಕು, ಇಲ್ಲಾಂದ್ರೆ ಯಾತಕ್ಕೆ ಎಷ್ಟು ಮುರ್ಕೊಂಡೆ ಅಂತ ಲೆಕ್ಕ ಕಳಿಸಬೇಕು, 125 ಡಾಲರ್ ದಾಟಿದ್ರೆ ರಸೀದಿ ಸಮೇತ. ಬೇಕಂತಲೇ ಇಟ್ಕೊಂಡಿದ್ದು ಅಂತ ಕಂಡ್ರೆ ಜಡ್ಜು ಡೆಪಾಸಿಟ್ಟಿನ ಎರಡು ಪಟ್ಟಿನವರೆಗೂ ಮೇಲೆ ಹಾಕಬಹುದು. ಮೊದಲು ಹಣ ಕೊಡು ಅಂತ ಒಂದು ಪತ್ರ ಬರೆದೆ, ಉತ್ತರ ಇಲ್ಲ, ಕೇಸ್ ಹಾಕಿದೆ.

ಫೀಸು 50 ಡಾಲರ್ ಅಷ್ಟೇ. ಕೇಳೋ ಹಣ 1,500ರ ಒಳಗಿದ್ರೆ 30, 5,000 ದಾಟಿದ್ರೆ 75, ಒಬ್ಬ ವ್ಯಕ್ತಿ 12,500 ಡಾಲರ್ ತನಕ ಕೇಳಬಹುದು. ನೋಟಿಸನ್ನ ನಾವೇ ಕೊಡೋ ಹಾಗಿಲ್ಲ, ಕೇಸಿಗೆ ಸಂಬಂಧ ಇಲ್ಲದ 18 ವರ್ಷ ದಾಟಿದವರು ಕೊಡಬೇಕು. ನಮ್ಮ ಕುಮಟಾದ ಒಬ್ಬ ದೋಸ್ತ ಹೋಗಿ ಬೆಲ್ ಮಾಡಿ, ಹೆಸರು ಕೇಳಿ ಖಾತ್ರಿ ಮಾಡ್ಕೊಂಡು, ಕೈಗೇ ಕೊಟ್ಟು, ಆಮೇಲೆ ಕೊಟ್ಟಿದ್ದು ಹೌದು ಅಂತ ಬೇರೆ ಫಾರ್ಮಿಗೆ ಸಹಿ ಹಾಕಿ ಕೊಟ್ಟ. ಮಾರಾಯ, ನಿನಗೆ ಊರಲ್ಲಿ ಒಂದು ಮೀನೂಟ ಬಾಕಿ ಇದೆ.

ನನಗೆ ತುಂಬಾ ಹಿಡಿಸಿದ್ದು ಅಂದ್ರೆ ವಿಚಾರಣೆಗೆ ವಕೀಲರನ್ನ ಕರ್ಕೊಂಡು ಬರೋ ಹಾಗೇ ಇಲ್ಲ, ಆ ಕಡೆಯವರೂ ತರೋ ಹಾಗಿಲ್ಲ. ಕೌಂಟಿಯಲ್ಲೇ (ನಮ್ಮ ಜಿಲ್ಲೆ ಇದ್ದ ಹಾಗೆ) ಪುಕ್ಕಟೆ ಸಲಹೆ ಕೊಡೋರು ಇರ್ತಾರೆ. ಬೆಟ್ಟದ ದಾರಿಗೆ ಅಂತ ಅಪ್ಪಯ್ಯ ಹಾಕಿದ ಕೇಸಲ್ಲಿ ವಾಯಿದೆ ಮೇಲೆ ವಾಯಿದೆ ನೋಡಿ ಬೆಳೆದವನು ನಾನು, ಇಲ್ಲಿ ಒಂದು ಚಾ ಕುಡಿಯೋ ಹೊತ್ತಲ್ಲಿ ವಿಚಾರಣೆ ಮುಗೀತು! ಮನೆ ಬಿಡೋ ದಿನ ತೆಗೆದ ಫೋಟೋಗಳನ್ನ ಪ್ರಿಂಟ್ ಹಾಕಿಸಿ ಕೊಟ್ಟೆ, ಜಡ್ಜು ಓನರಿಗೆ ಪೇಂಟಿನ ರಸೀದಿ ಎಲ್ಲಿ ಅಂದ್ರು, ಅವನು ಫೋನಲ್ಲಿ ಹುಡುಕ್ತಾನೇ ಇದ್ದ. ತೀರ್ಪು ಅಲ್ಲೇ ಹೇಳ್ಲಿಲ್ಲ, ಪೋಸ್ಟಲ್ಲಿ ಬಂತು, ಡೆಪಾಸಿಟ್ ಮತ್ತೆ ಫೀಸು ಕೊಡಬೇಕು ಅಂತ.

ಹಾಗಾದ್ರೆ ಒಂದೂವರೆ ಸ್ಟಾರ್ ಯಾಕೆ ಕಟ್ ಮಾಡಿದೆ? ಒಂದು, ಕೇಸ್ ಹಾಕಿದವರು ಸೋತರೆ ಅಪೀಲು ಇಲ್ಲ, ಎದುರು ಪಾರ್ಟಿಗೆ ಮಾತ್ರ 30 ದಿನ ಇದೆ, ಅಪೀಲಿಗೆ ಅವನು ವಕೀಲರನ್ನೂ ತರಬಹುದು. ನಮ್ಮ ಲೋಕ ಅದಾಲತ್ತಲ್ಲಿ ರಾಜಿ ಆದ್ರೆ ಇಬ್ಬರಿಗೂ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್ಸು, ಅದು ನ್ಯಾಯ. ಎರಡನೇದು ದೊಡ್ಡದು, ಗೆದ್ದ ಹಣ ಕೋರ್ಟು ವಸೂಲಿ ಮಾಡಿ ಕೊಡಲ್ಲ. ನಮ್ಮಲ್ಲಿ ಡಿಕ್ರಿ ಆದ್ಮೇಲೆ ಅಮಲ್ಜಾರಿಗೆ ಬೇರೆ ಅರ್ಜಿ ಹಾಕ್ತೀವಲ್ಲ, ಅದೇ ಕಥೆ. ಅವನ ಖಾತೆ ಯಾವ ಬ್ಯಾಂಕಲ್ಲಿದೆ ಅಂತ ನಾವೇ ಪತ್ತೆ ಮಾಡಬೇಕು. ನಾನು ಹಿಂದೆ ಕೊಟ್ಟಿದ್ದ ಬಾಡಿಗೆ ಚೆಕ್ಕಿನ ಹಿಂಬದಿ ಸ್ಕ್ಯಾನ್ ತೆಗೆದು ನೋಡಿದೆ, ಎಲ್ಲಿ ಜಮಾ ಆಗಿದೆ ಅಂತ ಅದರಲ್ಲೇ ಇತ್ತು. ಆಮೇಲೆ ಮತ್ತೆ ಫೀಸು ಕಟ್ಟಿ ಕೋರ್ಟಿಂದ ರಿಟ್, ಅಂದ್ರೆ ವಸೂಲಿ ಆದೇಶ, ತಗೊಂಡು ಶೆರಿಫ್ (ಕೌಂಟಿಯ ಪೊಲೀಸ್ ಅಧಿಕಾರಿ) ಆಫೀಸಿಗೆ ಕೊಟ್ಟೆ, ಬ್ಯಾಂಕಿಗೆ ಕಾಗದ ಹೋದ್ಮೇಲೆನೇ ದುಡ್ಡು ಬಂದಿದ್ದು. ತೀರ್ಪಿಗೆ 10 ವರ್ಷ ಜೀವ ಇರುತ್ತೆ, ಇಂಥದಕ್ಕೆ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ, ಹಾಗಾಗಿ ಕೈ ಬಿಡಬೇಡಿ.

ಇದೆಲ್ಲ ಕ್ಯಾಲಿಫೋರ್ನಿಯಾ ಲೆಕ್ಕ, ಒಂದೊಂದು ರಾಜ್ಯಕ್ಕೆ ಒಂದೊಂದು ರೂಲ್ಸು. ಟೆಕ್ಸಾಸಲ್ಲಿ 20,000 ಡಾಲರ್ ತನಕ ಕೇಳಬಹುದು, ಕೆಂಟಕಿಯಲ್ಲಿ ಬರೀ 2,500. ಊರಿಗೆ ವಾಪಸ್ ಬರೋ ಪ್ಲಾನ್ ಇದ್ರೆ ವಸೂಲಿ ಮುಗಿಯೋ ತನಕ ಅಲ್ಲಿನ ಬ್ಯಾಂಕ್ ಖಾತೆ ಮಾತ್ರ ಕ್ಲೋಸ್ ಮಾಡಬೇಡಿ, ಡಾಲರ್ ಚೆಕ್ ಹಿಡ್ಕೊಂಡು ಇಲ್ಲಿ ಬ್ಯಾಂಕಿಗೆ ಅಲೆಯೋದು ಯಾರಿಗೂ ಬೇಡ.