ಅವ್ವನ ಟಿವಿಯಲ್ಲಿ ನಾವು: ಹಚ್ಚಿ ನೋಡಿದ ಮೂರು ದಾರಿ

ಅವ್ವ ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ. ಅಣ್ಣ ಪುಣೆಯಲ್ಲಿ, ತಂಗಿ ಹೈದರಾಬಾದಿನಲ್ಲಿ, ನಾನು ಕಲಬುರಗಿಯಲ್ಲಿ. ಮೊಬೈಲಿನಲ್ಲಿ ವಿಡಿಯೊ ಕಾಲ್ ಮಾಡಿದರೆ ಫೋನನ್ನು ಕಿವಿಗೆ ಹಚ್ಚಿಕೊಂಡೇ ಮಾತಾಡುತ್ತಾಳೆ, ನಮಗೆ ಕಾಣುವುದು ಅವಳ ಬೆಂಡೋಲೆ. ಟಿವಿ ಹಾಗಲ್ಲ. ಧಾರಾವಾಹಿ ಹೊತ್ತಿಗೆ ರಿಮೋಟ್ ಅವಳ ಕೈಯಲ್ಲೇ ಇರಬೇಕು. ಅದಕ್ಕೇ ಟಿವಿಯಲ್ಲೇ ವಿಡಿಯೊ ಕಾಲ್ ಬರುವ ದಾರಿ ಹುಡುಕಲು ಹೊರಟೆವು. ಚಿತ್ರ ಎಷ್ಟು ಚೆಂದ ಬರುತ್ತದೆ ಅನ್ನೋದಕ್ಕಿಂತ, ಮನೆಯಲ್ಲಿ ಮತ್ತ್ಯಾರೂ ಇಲ್ಲದಾಗ ಕಾಲ್ ಎತ್ತೋದು ಹೇಗೆ ಅನ್ನೋದೇ ನನಗೆ ಮುಖ್ಯವಾಗಿತ್ತು.

ಎಲ್ಲಕ್ಕಿಂತ ಅಗ್ಗದ್ದು, ಫೋನನ್ನು ಟಿವಿಗೆ ಕಾಸ್ಟ್ ಮಾಡುವುದು, ಅಂದರೆ ಫೋನಿನ ಪರದೆಯನ್ನೇ ಟಿವಿಯಲ್ಲಿ ತೋರಿಸುವುದು. ವಾಟ್ಸಾಪ್‌ಗೆ ಟಿವಿ ಆ್ಯಪ್ ಇಲ್ಲದ್ದರಿಂದ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ನಮ್ಮಲ್ಲಿ ಮುಖ ಟಿವಿಯಲ್ಲಿ ಬಂತು, ದನಿ ಫೋನಿನಲ್ಲೇ ಉಳಿಯಿತು. ಅವ್ವ ಟಿವಿ ನೋಡುತ್ತಾಳೆ, ಕ್ಯಾಮೆರಾ ಇರುವುದು ಫೋನಿನಲ್ಲಿ. ಅಲ್ಲದೆ ಪ್ರತಿ ಸಲ ಪಕ್ಕದ ಮನೆ ಹುಡುಗ ಬಂದು ಜೋಡಿಸಿ ಕೊಡಬೇಕು. ಹಬ್ಬಕ್ಕೆ ಎಲ್ಲರೂ ಕೂಡಿದಾಗ ನಡೆದೀತು, ದಿನಬಳಕೆಗೆ ಆಗದ ಮಾತು.

ಎರಡನೆಯದು ಫೈಬರ್ ಕನೆಕ್ಷನ್ನಿನ ಸೆಟ್ ಟಾಪ್ ಬಾಕ್ಸ್, ಅದರ ಯುಎಸ್‌ಬಿಗೆ ಸಿಕ್ಕಿಸುವ ಕ್ಯಾಮೆರಾ. ಖುಷಿ ಅಂದರೆ ಇದರಲ್ಲೇ. ಕಾಲ್ ಬಂದರೆ ಟಿವಿಯೇ ರಿಂಗಾಗುತ್ತದೆ, ರಿಮೋಟಿನಲ್ಲಿ ಓಕೆ ಒತ್ತಿದರೆ ಸಾಕು. ಆ ಗುಂಡಿಗೆ ತಂಗಿ ಕೆಂಪು ಉಗುರುಬಣ್ಣ ಹಚ್ಚಿ ಕೊಟ್ಟಳು. ಕ್ಯಾಮೆರಾ ಅಗಲಕ್ಕೆ ನೋಡುವುದರಿಂದ ಅವ್ವ ಗ್ವಾಡಿಗೆ ಆತು ನೆಲದ ಮೇಲೆ ಕೂತರೂ ಪೂರ್ತಿ ಕಾಣುತ್ತಾಳೆ. ಮೊಮ್ಮಗನ ಮುಖ ಪರದೆ ತುಂಬ ಬಂದದ್ದೇ ತಡ, "ಯಾಕಪಾ, ಮುಂದಿನ ಹಲ್ಲು ಎಲ್ಲಿ ಬಿತ್ತು ನಿಂದು?" ಅಂದಳು. ಹಲ್ಲು ಬಿದ್ದು ವಾರವಾಗಿತ್ತು. ಮೊಬೈಲಿನಲ್ಲಿ ದಿನಾ ಮಾತಾಡಿದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಟಿವಿ ದನಿ ಜೋರಿಟ್ಟರೆ ನಮ್ಮ ಮಾತು ನಮಗೇ ವಾಪಸ್ ಕೇಳಿಸುತ್ತದೆ, ಅಷ್ಟು ಸಹಿಸಬೇಕು. ದೊಡ್ಡ ತೊಡಕು ಬೇರೆಯೇ. ಅವ್ವ ಟಿವಿ ನೋಡಿ ಮುಗಿದ ಕೂಡಲೇ ಬೋರ್ಡಿನ ಸ್ವಿಚ್ಚೇ ಆರಿಸುತ್ತಾಳೆ. ಸಿಡಿಲಿನ ಅಂಜಿಕೆ, ಬಿಲ್ಲಿನ ಅಂಜಿಕೆ ಎರಡೂ. ಟಿವಿ ಆರಿದರೆ ನಾವೂ ಆರಿದಂತೆ.

ಕಾಲ್ ತಾನಾಗಿಯೇ ಎತ್ತಿಕೊಳ್ಳುವ ಸೆಟ್ಟಿಂಗ್ ವಿಡಿಯೊ ಕಾಲಿನ ಹಳೇ ಆ್ಯಪ್ ಸ್ಕೈಪ್‌ನಲ್ಲಿತ್ತು. ಹಳೇ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿಟ್ಟರೆ ಮುಗೀತು. 2025ರ ಮೇ ತಿಂಗಳಲ್ಲಿ ಸ್ಕೈಪೇ ಬಾಗಿಲು ಹಾಕಿದ್ದರಿಂದ ಆ ದಾರಿ ಬಿಟ್ಟೆವು.

ಮೂರನೆಯದು ಟಿವಿಯೇ ಅಲ್ಲ, ಅಮೆಜಾನಿನ ಎಕೊ ಶೋ: ಪರದೆ, ಕ್ಯಾಮೆರಾ ಎರಡೂ ಇರುವ, ಮಾತು ಕೇಳುವ ಸ್ಪೀಕರ್. ಪರದೆ ಸಣ್ಣದು. ಆದರೆ ಇದರಲ್ಲಿ 'ಡ್ರಾಪ್ ಇನ್' ಅಂತ ಒಂದಿದೆ: ಮೊದಲೇ ಒಪ್ಪಿಗೆ ಕೊಟ್ಟ ಮನೆಮಂದಿ ಕಾಲ್ ಮಾಡಿದರೆ ಯಾರೂ ಏನೂ ಒತ್ತದೆ ತಾನಾಗಿ ಕೂಡಿಕೊಳ್ಳುತ್ತದೆ. ಮೊದಲ ಕೆಲವು ಸೆಕೆಂಡು ಚಿತ್ರ ಮಸುಕಾಗಿರುತ್ತದೆ, ಆಚೆಯವರು ಸಾವರಿಸಿಕೊಳ್ಳಲಿ ಅಂತ. ಅವ್ವ ಅದನ್ನೂ ನಂಬಲಿಲ್ಲ. ಜಳಕ, ಪೂಜೆ ಮುಗಿಯುವ ತನಕ ಅದರ ಮೇಲೆ ಟವೆಲ್ ಹಾಕಿಡುತ್ತಾಳೆ. ಸರಿಯೇ ಅನ್ನಿಸಿತು. ಮಕ್ಕಳೇ ಆದರೂ ಹೇಳದೆ ಕೇಳದೆ ಒಳಗೆ ಇಣುಕುವುದು ಯಾರಿಗೆ ಹಿಡಿಸೀತು? ಕನ್ನಡದಲ್ಲಿ ಹೇಳಿದರೆ ಅದರೊಳಗೆ ಮಾತು ಕೇಳಿ ಕೆಲಸ ಮಾಡುವ ಅಲೆಕ್ಸಾಗೆ ತಿಳಿಯುವುದಿಲ್ಲ, ಹಿಂದಿ ತಿಳಿಯುತ್ತದೆ. ನಮ್ಮ ಕಡೆಯ ಮುದುಕಿಯರಿಗೆ ಅದೇನು ಕಷ್ಟ! "ಅಲೆಕ್ಸಾ, ಪುಣೆಕು ಫೋನ್ ಲಗಾ" ಅಂತ ಸಂತೆಯಲ್ಲಿ ಕಲಿತ ದಖನಿಯಲ್ಲೇ ಗದರುತ್ತಾಳೆ, ಅಣ್ಣನ ಹೆಸರನ್ನು 'ಪುಣೆ' ಅಂತಲೇ ಸೇರಿಸಿಟ್ಟಿದ್ದೇವೆ.

ಮನೆಯಲ್ಲಿ ಜೊತೆಗೆ ಯಾರಾದರೂ ಇದ್ದರೆ ಕಣ್ಣು ಮುಚ್ಚಿ ಸೆಟ್ ಟಾಪ್ ಬಾಕ್ಸಿನ ಕ್ಯಾಮೆರಾ ತಗೊಳ್ಳಿ. ಒಬ್ಬಳೇ ಇರುವ ಮುದುಕಿಗೆ ಮೊದಲು ಎಕೊ ಶೋ, ಟಿವಿ ಆಮೇಲೆ. ನಮ್ಮಲ್ಲಿ ಈಗ ಎರಡೂ ಇವೆ: ವಾರದ ದಿನ ಎಕೊ ಶೋ, ಆದಿತ್ಯವಾರ ಸಂಜೆ ಟಿವಿ. ಎಕೊ ಶೋಗೆ ಬ್ಯಾಟರಿ ಇಲ್ಲ, ಬೇಸಿಗೆಯಲ್ಲಿ ಕರೆಂಟಿನ ಗ್ಯಾರಂಟಿಯೂ ಇಲ್ಲ. ಹಾಗಾಗಿ ಅದನ್ನೂ ರೂಟರನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿದೆವು. ಟಿವಿಗೆ ಕೊಡಿಸಲಿಲ್ಲ, ರಾತ್ರಿ ಫ್ಯಾನಿಗೆ ಬ್ಯಾಟರಿ ಉಳಿಯಬೇಕಲ್ಲ.